ಕೆಮ್ಮಣ್ಣುಗುಂಡಿಯ ದಾರಿಯ ಕಲ್ಲುಗಳು

ನಮ್ಮ ಜನರಿಗೆ ಬೆಟ್ಟಗಳಲ್ಲಿ ಪ್ರೀತಿಯಿಲ್ಲವೆಂದು ಯಾರೂ ಹೇಳಲಾರರು. ಎತ್ತರದ ಗುಡ್ಡವೊಂದು ಕಂಡರೆ ಅದರ ನೆತ್ತಿಯಲ್ಲಿ ಗುಡಿಯನ್ನು ಕಟ್ಟಿ, ವರ್ಷಕ್ಕೊಮ್ಮೆಯಾದರೂ ಹತ್ತಿ ಕೈಮುಗಿದು ಬರುವ ಪದ್ಧತಿ ನಮ್ಮಲ್ಲಿ ಪೂರ್ವದಿಂದಲೂ ನಡೆದುಬಂದಿದೆ. ಈಗ ಮೋಟಾರು ವಾಹನಗಳು ಮನೆಮನೆಗೂ ಬಂದ ಮೇಲೆ, ಭಾನುವಾರ ಬಂದಿತೆಂದರೆ ಶಿವಮೊಗ್ಗ ಭದ್ರಾವತಿಗಳ ಎಷ್ಟೋ ಕುಟುಂಬಗಳು ಬುತ್ತಿ ಕಟ್ಟಿಕೊಂಡು ಘಟ್ಟದ ದಾರಿಯನ್ನು ಹಿಡಿಯುತ್ತವೆ. ಇದು ಸಂತೋಷದ ವಿಷಯವೇ ಸರಿ. ಆದರೆ ಹೀಗೆ ಹೋಗಿಬಂದವರನ್ನು ನಿಲ್ಲಿಸಿ, "ಅಯ್ಯಾ, ನೀವು ನೋಡಿ ಬಂದ ಆ ಬೆಟ್ಟ ಯಾವ ಕಲ್ಲಿನದು?" ಎಂದು ಕೇಳಿದರೆ ಬಹುಮಂದಿ ನಗುವರಲ್ಲದೆ ಉತ್ತರ ಹೇಳರು. ಮರದ ಹೆಸರನ್ನು ಬಲ್ಲವರುಂಟು, ಹಕ್ಕಿಯ ಹೆಸರನ್ನು ಬಲ್ಲವರುಂಟು. ಇವೆಲ್ಲಕ್ಕೂ ಆಧಾರವಾಗಿ ಕೆಳಗೆ ಬಿದ್ದಿರುವ ಕಲ್ಲಿನ ಹೆಸರು ಮಾತ್ರ ಯಾರಿಗೂ ಬೇಡವಾಗಿದೆ.

ಈ ವಿಚಾರವನ್ನು ವಾಚಕರ ಮುಂದಿಡಲು ನಮಗೆ ಪ್ರೇರಣೆಯಾದುದು ಇತ್ತೀಚೆಗೆ ನಾವು ಕೆಲವು ಮಿತ್ರರೊಡನೆ ಶಿವಮೊಗ್ಗದಿಂದ ಭದ್ರಾವತಿ, ತರೀಕೆರೆ, ಲಿಂಗದಹಳ್ಳಿಗಳ ಮಾರ್ಗವಾಗಿ ಕೆಮ್ಮಣ್ಣುಗುಂಡಿಗೆ ಮಾಡಿದ ಒಂದು ದಿನದ ಪ್ರಯಾಣ. ದಾರಿಯೇನೂ ಹೊಸದಲ್ಲ; ನಮ್ಮ ವಾಚಕರಲ್ಲಿ ಅನೇಕರು ಅದನ್ನು ಹತ್ತಾರು ಸಲ ತುಳಿದವರೇ. ಈ ಸಲ ನಾವು ಮಾಡಿದ ಹೊಸ ಕೆಲಸವೆಂದರೆ, ನೋಟ ಚೆನ್ನಾಗಿದ್ದ ಕಡೆ ನಿಂತಂತೆಯೇ ಕಲ್ಲು ವಿಚಿತ್ರವಾಗಿದ್ದ ಕಡೆಯೂ ವಾಹನವನ್ನು ನಿಲ್ಲಿಸಿ ಇಳಿದು ನೋಡಿದುದು, ಇಷ್ಟೇ.

ಶಿವಮೊಗ್ಗದಲ್ಲಿ ತುಂಗೆಯನ್ನು ಬಿಟ್ಟು ಅರ್ಧಗಂಟೆ ಸಾಗುವಷ್ಟರಲ್ಲಿ ಭದ್ರೆಯ ತೀರ. ಭದ್ರಾವತಿಗೆ ಬೆಂಕಿಪುರವೆಂದು ಹಳೆಯ ಹೆಸರು. ಕಬ್ಬಿಣದ ಕುಲುಮೆ ಬರುವುದಕ್ಕೆ ಮೊದಲೇ ಊರಿಗೆ ಬೆಂಕಿಯ ಹೆಸರಿದ್ದುದು ಒಂದು ಸೋಜಿಗ. ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯ ಇಲ್ಲಿಯ ಹಳೆಯ ವೈಭವ. ಕಬ್ಬಿಣದ ಕಾರ್ಖಾನೆ ಹೊಸ ಕಾಲದ ವೈಭವ. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ೧೯೧೨ರಿಂದ ೧೯೧೮ರವರೆಗಿನ ಕಾಲದಲ್ಲಿ ಯೋಚಿಸಿದ ಈ ಕಾರ್ಖಾನೆ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ೧೯೨೩ರ ಜನವರಿಯಲ್ಲಿ ಕೆಲಸವನ್ನಾರಂಭಿಸಿತು. ಹತ್ತಿರದಲ್ಲೆಲ್ಲಿಯೂ ಕಲ್ಲಿದ್ದಲಿರಲಿಲ್ಲ, ಆದುದರಿಂದ ಮಲೆನಾಡಿನ ಮರವನ್ನೇ ಸುಟ್ಟು ಇದ್ದಿಲು ಮಾಡಿ, ಆ ಇದ್ದಿಲಿನಿಂದ ಅದಿರನ್ನು ಕರಗಿಸಿದರು. ಮರವನ್ನು ಬಟ್ಟಿಯಿಳಿಸುವಾಗ ಬರುವ ಮದ್ಯಸಾರ, ಡಾಂಬರು ಮೊದಲಾದುವನ್ನೂ ವ್ಯರ್ಥಮಾಡದೆ ಮಾರಾಟಕ್ಕೆ ತಂದರು. ಮುಂದೆ ಜೋಗದ ವಿದ್ಯುತ್ತು ದೊರೆತ ಮೇಲೆ ವಿದ್ಯುತ್ ಕುಲುಮೆಗಳೂ ಬಂದುವು.

ಕಾರ್ಖಾನೆಗೆ ಸುಣ್ಣಕಲ್ಲು ಭದ್ರಾವತಿಯ ಸೀಮೆಯ ಭಂಡಿಗುಡ್ಡದಿಂದ ಬರುತ್ತಿತ್ತು. ಅದಿರು ಬರುತ್ತಿದ್ದುದು ಎದುರಿಗೆ ನೀಲಿಯಾಗಿ ಕಾಣುವ ಬಾಬಾಬುಡನ್ ಗಿರಿಶ್ರೇಣಿಯ ಕೆಮ್ಮಣ್ಣುಗುಂಡಿಯಿಂದ. ಬೆಟ್ಟದ ಮೇಲೆ ಅಗೆದ ಅದಿರನ್ನು ತಂತಿಯ ಹಗ್ಗದ ಮೇಲೆ ತೂಗುವ ತೊಟ್ಟಿಗಳಲ್ಲಿ ತಣಿಗೆಬೈಲಿಗೆ ಇಳಿಸಿ, ಅಲ್ಲಿಂದ ಟ್ರಾಮು ರೈಲಿನಲ್ಲಿ ಭದ್ರಾವತಿಗೆ ಸಾಗಿಸುತ್ತಿದ್ದರು. ಹೀಗೆ ನಮ್ಮ ಪ್ರಯಾಣ ಕಲ್ಲು ಬಂದ ದಾರಿಯನ್ನೇ ಹಿಡಿದು ಹಿಮ್ಮುಖವಾಗಿ, ಕುಲುಮೆಯಿಂದ ಗಣಿಯ ಕಡೆಗೆ ನಡೆದಂತಾಯಿತು.

ತರೀಕೆರೆಯಿಂದ ಸುಮಾರು ೧೦ ಕಿಲೋಮೀಟರು ದೂರದ ಅಮೃತಾಪುರಕ್ಕೆ ದಾರಿ ತಿರುಗಿಸಿ ಅಮೃತೇಶ್ವರ ದೇವಾಲಯವನ್ನು ನೋಡಿದೆವು. ಇಮ್ಮಡಿ ವೀರಬಲ್ಲಾಳನ ದಂಡನಾಯಕನಾದ ಅಮೃತೇಶ್ವರನು ೧೧೯೬ರಲ್ಲಿ ಕಟ್ಟಿಸಿದ ಗುಡಿ ಇದು. ಕವಿ ಜನ್ನನು ರಚಿಸಿದ ಶಾಸನ ಇಲ್ಲಿದೆ. ಕಂಬಗಳ ನುಣುಪನ್ನೂ ಗೋಡೆಯ ಮೇಲಿನ ಕಥಾಚಿತ್ರಗಳನ್ನೂ ಹೊಗಳದವರಿಲ್ಲ. ಆದರೆ ಆ ನುಣುಪಿಗೆ ಶಿಲ್ಪಿಯ ಕೈ ಎಷ್ಟು ಕಾರಣವೋ ಕಲ್ಲಿನ ಗುಣವೂ ಅಷ್ಟೇ ಕಾರಣ. ಇದು ಬಳಪದ ಕಲ್ಲು. ನಾವು ಪಾಠಶಾಲೆಯಲ್ಲಿ ಅಕ್ಷರ ತಿದ್ದಿದ ಬಳಪದ ಜಾತಿಯೇ ಇದು. ಗಣಿಯಿಂದ ತೆಗೆದಾಗ ಉಗುರಿಗೂ ಸೋಲುವಷ್ಟು ಮೃದು; ಗಾಳಿಬೆಳಕುಗಳಿಗೆ ಒಡ್ಡಿದ ಮೇಲೆ ಕ್ರಮೇಣ ಗಟ್ಟಿಯಾಗುತ್ತದೆ. ಚೋಳರು ಗಡಸು ಕಣಶಿಲೆಯಲ್ಲಿ ಎತ್ತರವನ್ನು ಸಾಧಿಸಿದರೆ ಹೊಯ್ಸಳರು ಸೂಕ್ಷ್ಮವನ್ನು ಸಾಧಿಸಿದರು. ಈ ಭೇದಕ್ಕೆ ಅರ್ಧ ಕಾರಣ ಆಯಾ ನಾಡಿನ ನೆಲದಲ್ಲಿಯೇ ಇದೆ. ಕನ್ನಡಿಗರ ಕಲೆಯ ಇತಿಹಾಸವನ್ನು ಬರೆಯುವವರು ಕನ್ನಡನಾಡಿನ ಕಲ್ಲಿನ ಇತಿಹಾಸವನ್ನೂ ಓದಿಕೊಳ್ಳಬೇಕೆಂದು ನಮಗೆ ಅನ್ನಿಸುವುದು ಇದಕ್ಕಾಗಿಯೇ.

ಲಿಂಗದಹಳ್ಳಿಯನ್ನು ದಾಟಿದೊಡನೆ ಘಟ್ಟ ಆರಂಭವಾಗುತ್ತದೆ. ದಾರಿ ಹಾವಿನಂತೆ ಬಳುಕುತ್ತ ಏರುತ್ತದೆ. ಒಂದು ತಿರುವಿನಲ್ಲಿ ಕಾಫಿತೋಟದ ನೆರಳು, ಇನ್ನೊಂದರಲ್ಲಿ ಬಿದಿರ ಮೆಳೆ, ಮತ್ತೊಂದರಲ್ಲಿ ಬಯಲುಸೀಮೆಯ ಕೆರೆಗಳು ತಟ್ಟೆಯಲ್ಲಿಟ್ಟ ಕನ್ನಡಿಗಳಂತೆ ಕೆಳಗೆ ಹೊಳೆಯುತ್ತವೆ. ಕಲ್ಲತ್ತಿಗಿರಿಯಲ್ಲಿ ವೀರಭದ್ರಸ್ವಾಮಿಯ ಗುಡಿಯ ಪಕ್ಕದಲ್ಲಿಯೇ ನೀರು ಬಂಡೆಯಿಂದ ಬಂಡೆಗೆ ಧುಮುಕುತ್ತದೆ. ಅಲ್ಲಿಂದ ಮೇಲೆ ಮರಗಳು ಹಿಂದೆ ಸರಿದು ಹುಲ್ಲುಗಾವಲು ಮುಂದೆ ಬರುತ್ತದೆ. ಕಣಿವೆಗಳ ಮಡಿಲಿನಲ್ಲಿ ಮಾತ್ರ ಶೋಲೆಯ ಕಾಡು ಕಪ್ಪಗೆ ಮಡುಗಟ್ಟಿದೆ. ಗಾಳಿ ಒಮ್ಮೆ ಮಂಜನ್ನು ತಂದು ಎದುರಿನ ಬೆಟ್ಟವನ್ನೆಲ್ಲ ಅಳಿಸಿಬಿಡುತ್ತದೆ; ಮರುಗಳಿಗೆಯಲ್ಲಿ ಅದನ್ನೇ ತೊಳೆದಿಟ್ಟಂತೆ ಎದುರಿಗೆ ತಂದು ನಿಲ್ಲಿಸುತ್ತದೆ. ೨೦೨೨ರಲ್ಲಿ ಈ ಶ್ರೇಣಿಯ ಇಳಿಜಾರುಗಳಲ್ಲಿ ಕುರಿಂಜಿ ಅರಳಿದಾಗ ನೋಡಿದವರು ಆ ನೀಲಿಯನ್ನು ಇನ್ನೂ ವರ್ಣಿಸುತ್ತಾರೆ.

ರಸ್ತೆಗಾಗಿ ಗುಡ್ಡವನ್ನು ಕಡಿದಿದ್ದ ಒಂದೆಡೆಯಲ್ಲಿ ನಾವು ಇಳಿದೆವು. ಗೋಡೆಯಂತೆ ನಿಂತ ಆ ಕಲ್ಲನ್ನು ನೋಡಿದರೆ ಯಾರೋ ನೇಕಾರನು ಹಾಸುಹೊಕ್ಕು ನೆಯ್ದ ಪಟ್ಟೆಯ ಸೀರೆ ಮಡಿಕೆ ಮಡಿಕೆಯಾಗಿ ಬಿದ್ದಿರುವಂತೆ ತೋರುತ್ತಿತ್ತು. ಒಂದು ಗೆರೆ ಕಪ್ಪು, ಅದರ ಮೇಲೊಂದು ಬಿಳಿ, ಬಳಿಕ ಇಟ್ಟಿಗೆಯ ಕೆಂಪು, ಮತ್ತೆ ಕಪ್ಪು. ಕೆಲವು ಗೆರೆಗಳು ದಾರದಷ್ಟು ಸಣ್ಣ, ಕೆಲವು ಬೆರಳಿನಷ್ಟು ದಪ್ಪ. ಸಂಗಡ ಬಂದಿದ್ದ ಒಬ್ಬ ಹುಡುಗ ಹಳೆಯ ರೇಡಿಯೋದಿಂದ ಕಿತ್ತ ಅಯಸ್ಕಾಂತವನ್ನು ಜೇಬಿನಿಂದ ತೆಗೆದು ಕಪ್ಪು ಗೆರೆಗೆ ಹಿಡಿದ. ಅದು ಥಟ್ಟನೆ ಅಂಟಿತು. ಬಿಳಿಯ ಗೆರೆಗೆ ಹಿಡಿದ, ಅಂಟಲಿಲ್ಲ. ಆ ದಾರಿಯಲ್ಲಿಯೇ ನಡೆದುಬರುತ್ತಿದ್ದ ಒಬ್ಬ ವೃದ್ಧರು ನಮ್ಮ ಪರೀಕ್ಷೆಯನ್ನು ಕಂಡು ನಿಂತರು. ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರಂತೆ. "ಏನು ನೋಡ್ತಿದೀರಿ ಸ್ವಾಮಿ? ಇದೇ ಅಲ್ಲವೇ ನಮಗೆ ಅನ್ನ ಹಾಕಿದ ಕಲ್ಲು" ಎಂದರು. ಇಷ್ಟು ಹೇಳಿ ಆ ಬಂಡೆಯನ್ನು ಎತ್ತಿನ ಬೆನ್ನನ್ನು ತಟ್ಟುವಂತೆ ಎರಡು ಸಲ ತಟ್ಟಿ ಮುಂದೆ ಹೋದರು. ಭೂಗರ್ಭಶಾಸ್ತ್ರದ ಯಾವ ಗ್ರಂಥದಲ್ಲಿಯೂ ಈ ಕಲ್ಲಿಗೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನ ಇರಲಾರದು.

ಗ್ರಂಥಗಳು ಹೇಳುವುದನ್ನೂ ಕೇಳಬೇಕು. ಕಪ್ಪು ಮತ್ತು ಕೆಂಪು ಗೆರೆಗಳು ಕಬ್ಬಿಣದ ಆಕ್ಸೈಡು. ಬಿಳಿಯ ಗೆರೆಗಳು ಸಿಲಿಕ, ಎಂದರೆ ಬೆಣಚುಕಲ್ಲಿನ ದ್ರವ್ಯ. ಇವು ಬೆಂಕಿಯಲ್ಲಿ ಹುಟ್ಟಿದುವಲ್ಲ, ನೀರಿನಲ್ಲಿ ಹುಟ್ಟಿದುವು. ಈಗ ಮೋಡವನ್ನು ಮುಟ್ಟುವ ಈ ಬೆಟ್ಟ ಒಂದು ಕಾಲದಲ್ಲಿ ಸಮುದ್ರದ ತಳವಾಗಿತ್ತು. ಆಗಿನ ಗಾಳಿಯಲ್ಲಿ ಪ್ರಾಣವಾಯು ಇರಲಿಲ್ಲವೆಂದರೂ ಸಲ್ಲುವಷ್ಟು ಕಡಿಮೆಯಿತ್ತು. ಆದುದರಿಂದ ಸಮುದ್ರದ ನೀರಿನಲ್ಲಿ ಕಬ್ಬಿಣವು ಉಪ್ಪಿನಂತೆ ಕರಗಿಕೊಂಡಿರುವುದು ಸಾಧ್ಯವಾಗಿತ್ತು. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳ ವ್ಯಾಪಾರದಿಂದ ಆ ಕಬ್ಬಿಣ ತುಕ್ಕಾಗಿ ತಳಕ್ಕಿಳಿದು, ಸಿಲಿಕದೊಡನೆ ಪದರ ಪದರವಾಗಿ ಕೂಡಿತೆಂದು ವಿದ್ವಾಂಸರು ಅಭಿಪ್ರಾಯಪಡುತ್ತಾರೆ. ಈ ಪದರಗಳ ನಡುವೆ ಸಿಕ್ಕಿದ ಜ್ವಾಲಾಮುಖಿಯ ಬೂದಿಯ ಜಿರ್ಕಾನ್ ಹರಳುಗಳನ್ನು ಪರೀಕ್ಷಿಸಿ ೧೯೯೭ರಲ್ಲಿ ಪ್ರಕಟಿಸಿದ ಲೆಕ್ಕದಂತೆ ಇವುಗಳ ವಯಸ್ಸು ಸುಮಾರು ೨೭೨ ಕೋಟಿ ವರ್ಷ. ಹಿಮಾಲಯ ತಲೆಯೆತ್ತಲು ತೊಡಗಿ ಸುಮಾರು ೫ ಕೋಟಿ ವರ್ಷಗಳಾದುವೆಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ, ನಮ್ಮ ಮನೆಯ ಹಿತ್ತಿಲ ಗುಡ್ಡದ ಮುಂದೆ ಗಿರಿರಾಜನು ತೊಟ್ಟಿಲ ಕೂಸೆಂದು ತಿಳಿಯುತ್ತದೆ.

ಈ ಸೀಮೆಯಲ್ಲಿರುವ ವಿಚಿತ್ರ ಶಿಲೆ ಇದೊಂದೇ ಅಲ್ಲ. ತರೀಕೆರೆಯ ಕಡೆಯ ಕಲ್ದುರ್ಗದ ಹೆಸರಿನಿಂದ ಭೂಗರ್ಭಶಾಸ್ತ್ರಜ್ಞರು ಕರೆಯುವ ಪೆಂಟೆಶಿಲೆಯೊಂದುಂಟು. ಹೊಳೆಯ ನೀರು ಉರುಳಿಸಿ ನುಣುಪುಮಾಡಿದ ಉಂಡೆಗಲ್ಲುಗಳು ಗಾರೆಯಲ್ಲಿ ಸಿಕ್ಕಿಕೊಂಡಂತೆ ಅದರಲ್ಲಿ ಹುದುಗಿವೆ. ತುಂಗಭದ್ರೆಯರು ಹುಟ್ಟುವುದಕ್ಕೆ ಕೋಟ್ಯಂತರ ವರ್ಷಗಳ ಹಿಂದೆಯೂ ಈ ನೆಲದಲ್ಲಿ ಹೊಳೆಗಳು ಹರಿದು, ಅಂದಿನ ಬೆಟ್ಟಗಳನ್ನು ಸವೆಯಿಸಿದುವೆಂಬುದಕ್ಕೆ ಆ ಉಂಡೆಗಳೇ ಸಾಕ್ಷಿ. ಶಿವಮೊಗ್ಗದ ಶಿಲಾಪಟ್ಟಿಯ ಡೋಲೊಮೈಟ್ ಸುಣ್ಣಕಲ್ಲುಗಳಲ್ಲಿ ಸೂಕ್ಷ್ಮಜೀವಿಗಳ ಹಾಸುಗಳು ಕಟ್ಟಿದ ಗುಮ್ಮಟದಾಕಾರದ ಪದರಗಳು ದೊರೆತಿರುವುದಾಗಿ ೧೯೮೯ರಲ್ಲಿ ವಿಜ್ಞಾನಿಗಳು ವರದಿಮಾಡಿದರು. ಸ್ಟ್ರೊಮಾಟೊಲೈಟ್ ಎಂದು ಅವಕ್ಕೆ ಹೆಸರು. ಭೂಮಿಯ ಮೇಲೆ ಜೀವವು ಬಿಟ್ಟುಹೋದ ಅತಿ ಪುರಾತನ ಗುರುತುಗಳ ಪಂಕ್ತಿಯಲ್ಲಿ ಇವು ಸೇರುತ್ತವೆ. ಇನ್ನು ಕುಂಸಿಯ ಮ್ಯಾಂಗನೀಸು ಹಿಂದಿನ ಶತಮಾನದ ಆರಂಭದಿಂದಲೇ ಪ್ರಸಿದ್ಧವಾದುದು. ಕೊಡಚಾದ್ರಿಯ ಮೂಲ ಮೂಕಾಂಬಿಕೆಯ ಗುಡಿಯ ಮುಂದೆ ನಿಂತಿರುವ ಕಬ್ಬಿಣದ ಕಂಬವು, ಈ ನಾಡಿನವರು ಕಬ್ಬಿಣವನ್ನು ಬಲ್ಲವರಾದುದು ಕಾರ್ಖಾನೆ ಬಂದ ಮೇಲಲ್ಲವೆಂಬುದನ್ನು ಸಾರುತ್ತದೆ.

ಬೆಟ್ಟದ ಮೇಲಿನ ನೋಟಕ್ಕೂ ಕೆಳಗಿನ ಕಲ್ಲಿಗೂ ಇರುವ ಸಂಬಂಧವನ್ನು ಇಲ್ಲಿ ಹೇಳಬೇಕು. ಸುಮಾರು ೧,೪೩೦ ಮೀಟರು ಎತ್ತರದ ಕೆಮ್ಮಣ್ಣುಗುಂಡಿಯಲ್ಲಿ ನಿಂತು ದಕ್ಷಿಣಕ್ಕೆ ನೋಡಿದರೆ ಶ್ರೇಣಿಯು ಬಿಲ್ಲಿನಂತೆ ಬಾಗಿ ಸಾಗಿ ೧,೯೩೦ ಮೀಟರು ಎತ್ತರದ ಮುಳ್ಳಯ್ಯನಗಿರಿಯವರೆಗೆ ಹೋಗುತ್ತದೆ. ಕರ್ನಾಟಕದಲ್ಲಿ ಅದಕ್ಕಿಂತ ಎತ್ತರದ ಶಿಖರವಿಲ್ಲ. ಬಿಲ್ಲಿನ ಒಳಗಡೆ ಜಾಗರ ಕಣಿವೆ ತಗ್ಗಾಗಿ ಮಲಗಿದೆ. ಈ ಅರ್ಧಚಂದ್ರಾಕಾರವನ್ನು ಕಂಡೇ ನಮ್ಮ ಹಿರಿಯರು ಚಂದ್ರದ್ರೋಣ ಪರ್ವತವೆಂದು ಕರೆದರು. ಸಮುದ್ರದ ತಳದಲ್ಲಿ ಮಟ್ಟವಾಗಿ ಹಾಸಿದ್ದ ಪದರಗಳು ಭೂಮಿಯ ಒತ್ತಡಕ್ಕೆ ಸಿಕ್ಕಿ ಮಡಿಸಿದ ಬಟ್ಟೆಯಂತೆ ಬಾಗಿದುವು. ಮೃದುವಾದ ಶಿಲೆಗಳನ್ನು ಮಳೆಗಾಳಿಗಳು ತಿಂದು ಕಣಿವೆ ಮಾಡಿದುವು. ಕಬ್ಬಿಣದ ಪಟ್ಟೆಕಲ್ಲು ಮಾತ್ರ ಸುಲಭವಾಗಿ ಸವೆಯದೆ ಅಂಚಿನಲ್ಲಿ ಎತ್ತರವಾಗಿ ನಿಂತಿತು. ಎಂದರೆ, ನಾವು ಹೊಗಳುವ ಶಿಖರಗಳ ಸಾಲು ಆ ಪಟ್ಟೆಕಲ್ಲಿನ ಬೆನ್ನೆಲುಬೇ. ಅದೇ ಕಲ್ಲು ಮಳೆಬಿಸಿಲುಗಳಲ್ಲಿ ಬೆಂದು ಕೆಂಪು ಮಣ್ಣಾಗಿ, ಜಂಬಿಟ್ಟಿಗೆಯಾಗಿ, ಊರಿಗೆ ಕೆಮ್ಮಣ್ಣುಗುಂಡಿಯೆಂಬ ಹೆಸರನ್ನು ಕೊಟ್ಟಿತು. ನೋಟ, ಅದಿರು, ಮಣ್ಣು, ಹೆಸರು, ನಾಲ್ಕೂ ಒಂದೇ ಕಲ್ಲಿನ ಮಕ್ಕಳು.

ಇದನ್ನೆಲ್ಲ ನಾವು ಕೇವಲ ವಿನೋದಕ್ಕಾಗಿ ಬರೆಯುತ್ತಿಲ್ಲ. ಈ ಕಲ್ಲಿನ ಕಥೆಯಲ್ಲಿ ನಮ್ಮ ಜಿಲ್ಲೆಗಳ ಭವಿಷ್ಯದ ಪ್ರಶ್ನೆಯೂ ಸೇರಿಕೊಂಡಿದೆ. ವಿಶ್ವೇಶ್ವರಯ್ಯನವರ ಹೆಸರನ್ನು ಹೊತ್ತ ಕಾರ್ಖಾನೆ ೧೯೮೯ರಲ್ಲಿ ಭಾರತ ಉಕ್ಕು ಪ್ರಾಧಿಕಾರದ ಕೈಸೇರಿತು. ಸ್ವಂತ ಗಣಿಯಿಲ್ಲದಿರುವುದು ಅದರ ನಷ್ಟದ ಕಾರಣಗಳಲ್ಲೊಂದೆಂದು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ಕಡೆಗೆ ೨೦೨೩ರ ಜನವರಿಯಲ್ಲಿ, ಕಾರ್ಖಾನೆಗೆ ನೂರು ವರ್ಷ ತುಂಬಿದ ತಿಂಗಳಲ್ಲಿಯೇ, ಅದನ್ನು ಮುಚ್ಚುವ ನಿರ್ಧಾರ ಹೊರಬಿದ್ದಿತು. ಕಾರ್ಮಿಕರು ಬೀದಿಗಿಳಿದು ಹೋರಾಡಿದರು. ಅದೇ ವರ್ಷ ಒಂದು ವಿಭಾಗ ಮತ್ತೆ ಚಲಿಸಿತು. ಅದೇ ಊರಿನಲ್ಲಿ ೧೯೩೬ರಲ್ಲಿ ಸ್ಥಾಪಿತವಾದ ಕಾಗದದ ಕಾರ್ಖಾನೆ ೨೦೧೫ರಲ್ಲಿ ಉತ್ಪಾದನೆಯನ್ನು ನಿಲ್ಲಿಸಿತ್ತೆಂಬುದನ್ನು ನೆನೆದರೆ ಭದ್ರಾವತಿಯ ಕಳವಳ ಎಷ್ಟೆಂಬುದು ತಿಳಿಯುತ್ತದೆ.

ಹಾಗಾದರೆ ಬೆಟ್ಟವನ್ನು ಮತ್ತೆ ಅಗೆಯುವುದೇ? ಕುದುರೆಮುಖದ ಪಾಠವನ್ನು ನಾವು ಮರೆಯಬಾರದು. ೧೯೭೬ರಲ್ಲಿ ಹುಟ್ಟಿದ ಅಲ್ಲಿಯ ಅದಿರಿನ ಕಂಪೆನಿ ಬೆಟ್ಟವನ್ನು ಪುಡಿಮಾಡಿ, ನೀರಿನೊಡನೆ ಕಲಸಿ, ೬೭ ಕಿಲೋಮೀಟರು ಉದ್ದದ ಕೊಳವೆಯಲ್ಲಿ ಮಂಗಳೂರಿಗೆ ಹರಿಸಿತು. ಭದ್ರಾನದಿಗೂ ಕಾಡಿಗೂ ಆದ ಹಾನಿಯ ವಿಚಾರ ಸುಪ್ರೀಂ ಕೋರ್ಟಿನವರೆಗೆ ಹೋಗಿ, ೨೦೦೫ರ ಕೊನೆಗೆ ಗಣಿ ನಿಂತಿತು. ಭದ್ರೆಯ ನೀರನ್ನು ನಂಬಿದ ಲಕ್ಕವಳ್ಳಿಯ ಅಣೆಕಟ್ಟೂ, ಅದರ ಕೆಳಗಿನ ಗದ್ದೆತೋಟಗಳೂ ಈ ಬೆಟ್ಟಗಳ ಹುಲ್ಲು ಹೀರಿಟ್ಟುಕೊಂಡ ಮಳೆಯಿಂದ ಬದುಕುವಂಥವು. ಕಾರ್ಖಾನೆಗೆ ಅದಿರು ಬೇಕೆಂಬುದು ನ್ಯಾಯ. ಅದನ್ನು ಈಗಾಗಲೇ ತೆರೆದಿರುವ ಬಯಲುಸೀಮೆಯ ಗಣಿಗಳಿಂದ ನ್ಯಾಯವಾದ ಬೆಲೆಗೆ ಒದಗಿಸುವುದು ಸರ್ಕಾರಗಳ ಕರ್ತವ್ಯ. ನದಿಯ ತಲೆಯ ಮೇಲಿನ ಬೆಟ್ಟವನ್ನು ಮಾತ್ರ ಕೇಳಬಾರದು. ಒಂದು ಕಾಲದಲ್ಲಿ ಆ ಬೆಟ್ಟ ಅನ್ನ ಹಾಕಿತು. ಈಗ ಅದು ನೀರು ಕೊಡುತ್ತಿದೆ. ಎರಡನ್ನೂ ಒಟ್ಟಿಗೆ ಕೇಳಿದರೆ ಎರಡೂ ಹೋಗುತ್ತವೆ.

ಅಗೆಯದೆಯೇ ಕಲ್ಲಿನಿಂದ ಪ್ರಯೋಜನ ಪಡೆಯುವ ಮಾರ್ಗವುಂಟೆಂಬುದೇ ನಮ್ಮ ಇಂದಿನ ಸೂಚನೆ. ಭಾರತದ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯವರು ದೇಶದ ಅಪೂರ್ವ ಶಿಲೆಗಳನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳೆಂದು ಸಾರಿದ್ದಾರೆ. ಕರ್ನಾಟಕದಲ್ಲಿ ಬೆಂಗಳೂರಿನ ಲಾಲ್‌ಬಾಗಿನ ಬಂಡೆ, ಚಿತ್ರದುರ್ಗದ ಕಡೆಯ ಮರಡಿಹಳ್ಳಿಯ ದಿಂಬುಶಿಲೆ, ಕೋಲಾರದ ಕಡೆಯ ಪೆದ್ದಪಲ್ಲಿಯ ಶಿಲೆ, ಮಲ್ಪೆಯ ಬಳಿಯ ಸೇಂಟ್ ಮೇರಿ ದ್ವೀಪದ ಕಂಬಶಿಲೆ ಇವು ಆ ಪಟ್ಟಿಯಲ್ಲಿ ಸೇರಿವೆ. ಮಲೆನಾಡಿನ ಪಟ್ಟೆಕಲ್ಲಿಗೆ ಅಲ್ಲಿ ಸ್ಥಳ ಸಿಕ್ಕಿಲ್ಲ. ಇಂತಹ ಸ್ಥಳಗಳ ರಕ್ಷಣೆಗಾಗಿ ೨೦೨೨ರಲ್ಲಿ ಕೇಂದ್ರ ಗಣಿ ಮಂತ್ರಾಲಯವು ಒಂದು ಮಸೂದೆಯ ಕರಡನ್ನು ಜನಾಭಿಪ್ರಾಯಕ್ಕಾಗಿ ಹೊರಡಿಸಿತು. ಕಾನೂನು ಬರಲಿ, ಬಾರದಿರಲಿ, ನಮ್ಮ ಕೈಯಲ್ಲಿರುವ ಕೆಲಸಗಳನ್ನು ನಾವು ಮಾಡಬಹುದು.

ಮೊದಲನೆಯದಾಗಿ, ಘಟ್ಟದ ರಸ್ತೆಗಳನ್ನು ಅಗಲಮಾಡುವಾಗ ಹೊರಬೀಳುವ ಅಪೂರ್ವ ಶಿಲಾಭಾಗಗಳಲ್ಲಿ ಒಂದೆರಡನ್ನಾದರೂ ಸಿಮೆಂಟಿನಿಂದ ಮುಚ್ಚದೆ, ಜಾರದಂತೆ ಭದ್ರಪಡಿಸಿ, ವಾಹನ ನಿಲ್ಲಲು ಸ್ಥಳ ಮಾಡಿ, ನಾಲ್ಕು ಸಾಲಿನ ಕನ್ನಡದ ಫಲಕವನ್ನು ನೆಡತಕ್ಕದ್ದು. ಎರಡನೆಯದಾಗಿ, ಶಿವಮೊಗ್ಗದ ಶಿವಪ್ಪನಾಯಕನ ಅರಮನೆಯ ವಸ್ತುಸಂಗ್ರಹಾಲಯದಲ್ಲಿ ಶಾಸನ, ವಿಗ್ರಹಗಳ ಪಕ್ಕದಲ್ಲಿ ಜಿಲ್ಲೆಯ ಶಿಲೆಗಳಿಗೂ ಒಂದು ಕಪಾಟು ದೊರೆಯಬೇಕು. ಭದ್ರಾವತಿಯಲ್ಲಿ ಅದಿರಿನಿಂದ ಉಕ್ಕಿನವರೆಗಿನ ಕಥೆಯನ್ನು ಹೇಳುವ ಒಂದು ಶಾಲೆಯಂತಹ ಸ್ಥಳ ಕಾರ್ಖಾನೆಯ ಆವರಣದಲ್ಲಿಯೇ ಆಗಬೇಕು. ಆ ಕೆಲಸವನ್ನು ಬಲ್ಲ ಹಿರಿಯ ಕಾರ್ಮಿಕರು ಇನ್ನೂ ನಮ್ಮ ನಡುವೆ ಇದ್ದಾರೆ; ಅವರೇ ಅದಕ್ಕೆ ಉಪಾಧ್ಯಾಯರು. ಇದು ಇನ್ನು ಹತ್ತು ವರ್ಷ ತಡವಾದರೆ ಯಂತ್ರಗಳು ಉಳಿದಾವು, ಹೇಳುವವರು ಉಳಿಯರು. ಮೂರನೆಯದಾಗಿ, ಪ್ರೌಢಶಾಲೆಯ ಮಕ್ಕಳನ್ನು ವರ್ಷಕ್ಕೊಮ್ಮೆ ಈ ದಾರಿಯಲ್ಲಿ ಕರೆದೊಯ್ಯಬೇಕು. ಮೈಸೂರು ಸಂಸ್ಥಾನವು ೧೮೯೪ರಷ್ಟು ಹಿಂದೆಯೇ ಭೂಗರ್ಭ ಇಲಾಖೆಯನ್ನು ಸ್ಥಾಪಿಸಿತು. ಆ ಇಲಾಖೆಯ ಪರಂಪರೆಯಲ್ಲಿ ಬೆಳೆದ ಬಿ.ಪಿ. ರಾಧಾಕೃಷ್ಣ ಅವರಂತಹ ವಿದ್ವಾಂಸರು ಈ ಶಾಸ್ತ್ರವನ್ನು ಕನ್ನಡದಲ್ಲಿಯೂ ಬರೆದರು. ಅಂತಹ ನಾಡಿನ ಹುಡುಗನಿಗೆ ತನ್ನ ಊರಿನ ಕಲ್ಲು ತಿಳಿಯದಿರುವುದು ಶೋಭೆಯಲ್ಲ.

"ಹೊಟ್ಟೆಗೆ ಹಿಟ್ಟಿಲ್ಲದವರಿಗೆ ಕಲ್ಲಿನ ಪುರಾಣವೇಕೆ?" ಎಂದು ಕೇಳುವವರಿರಬಹುದು. ಮರಡಿಹಳ್ಳಿಯ ಕಲ್ಲನ್ನೂ ಸೇಂಟ್ ಮೇರಿ ದ್ವೀಪದ ಕಂಬಗಳನ್ನೂ ನೋಡಲು ಹೊರನಾಡುಗಳಿಂದ ಜನರು ಬರುತ್ತಾರೆ. ಬಂದವರಿಗೆ ಊಟ, ವಸತಿ, ವಾಹನ, ದಾರಿ ತೋರಿಸುವವರು ಬೇಕಾಗುತ್ತಾರೆ. ಈಗಲೂ ನಮ್ಮ ಬೆಟ್ಟಗಳಿಗೆ ಜನರು ಬಾರದೆ ಇಲ್ಲ. ಬಂದವರು ಒಂದು ಗಂಟೆ ಗದ್ದಲ ಮಾಡಿ, ಪ್ಲಾಸ್ಟಿಕ್ಕನ್ನು ಬಿಟ್ಟು ಹಿಂದಿರುಗುತ್ತಾರೆ. ನೋಡಬೇಕಾದುದು ಏನೆಂದು ತಿಳಿದವನು ನಿಧಾನವಾಗಿ ನೋಡುತ್ತಾನೆ; ನಿಧಾನವಾಗಿ ನೋಡುವವನು ಕೆಡಿಸುವುದಿಲ್ಲ.

ಪ್ರವಾಸಿಗರಿಗೂ ಒಂದು ಮಾತು. ಚೆಂದದ ಕಲ್ಲು ಕಂಡರೆ ಚೀಲಕ್ಕೆ ಹಾಕಿಕೊಳ್ಳುವ ಆಸೆ ಸಹಜ. ಆದರೆ ಅರಣ್ಯ ಕಾನೂನಿನಂತೆ ಕಾಡಿನ ಕಲ್ಲೂ ಮಣ್ಣೂ ಅರಣ್ಯೋತ್ಪನ್ನಗಳಲ್ಲಿ ಸೇರಿದುವು. ಕಾನೂನಿನ ಮಾತನ್ನು ಬಿಟ್ಟರೂ, ಬೆಟ್ಟದಲ್ಲಿ ತನ್ನ ಪದರದೊಡನೆ ಇರುವ ಕಲ್ಲು ಒಂದು ಪುಸ್ತಕದ ಹಾಳೆ. ಮನೆಯ ಕಪಾಟಿಗೆ ಬಂದ ಕಲ್ಲು ಹರಿದ ಹಾಳೆ. ನಮ್ಮ ಸಂಗಡಿಗನಾದ ಹುಡುಗನೂ ಅಯಸ್ಕಾಂತವನ್ನು ಜೇಬಿಗೆ ಹಾಕಿಕೊಂಡು, ಕಲ್ಲಿನ ಚಿತ್ರವನ್ನು ಮಾತ್ರ ಬರೆದುಕೊಂಡು ಬಂದನು. ಅವನ ಪುಸ್ತಕದಲ್ಲಿ ಈಗ ಏಳು ಕಪ್ಪು ಗೆರೆಗಳೂ ಆರು ಬಿಳಿಯ ಗೆರೆಗಳೂ ಇವೆ.

ಲೋಕೋಪಯೋಗಿ ಇಲಾಖೆ, ಗಣಿ ಮತ್ತು ಭೂವಿಜ್ಞಾನ ಇಲಾಖೆ, ಅರಣ್ಯ ಇಲಾಖೆ, ಪ್ರವಾಸೋದ್ಯಮ ಇಲಾಖೆ ಇವುಗಳ ಅಧಿಕಾರಿಗಳು ಒಂದೆಡೆ ಕುಳಿತು ಮಾತನಾಡಿದರೆ ಮೇಲೆ ಹೇಳಿದ ಫಲಕಗಳಿಗೆ ಹೆಚ್ಚಿನ ಹಣವೇನೂ ಬೇಕಾಗದು. ಮುಂದಿನ ಮಳೆಗಾಲಕ್ಕೆ ಮೊದಲು ಕೆಮ್ಮಣ್ಣುಗುಂಡಿಯ ದಾರಿಯಲ್ಲಿ ಒಂದಾದರೂ ನಿಲ್ಲಲೆಂದು ಆಶಿಸುತ್ತೇವೆ.